ಕಾಂಗರೂ ದೇಶದ ಕಬ್ಬಿಣ, ಕಾಟಿ ಸೀಮೆಯ ರಸ್ತೆ: ಬುಲ್ ಬಾರ್ ಮತ್ತು ಏರ್‌ಬ್ಯಾಗ್ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಕಾಡಂಚಿನ ಊರುಗಳ ಗ್ಯಾರೇಜುಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. "ಮುಂದೆ ಗಾರ್ಡ್ ಇದ್ದಿದ್ದಕ್ಕೆ ಗಾಡಿ ಉಳೀತು" ಎನ್ನುವುದು ಒಂದು. "ಗಾರ್ಡ್ ಹಾಕಿಸಿದ್ದಕ್ಕೇ ಏರ್‌ಬ್ಯಾಗ್ ಓಪನ್ ಆಗಲಿಲ್ಲ" ಎನ್ನುವುದು ಇನ್ನೊಂದು. ಎರಡನ್ನೂ ಕಣ್ಣಾರೆ ಕಂಡ ಸತ್ಯವೆಂದೇ ಹೇಳುತ್ತಾರೆ. ಅಡ್ಡ ಬಂದ ಪ್ರಾಣಿ ಯಾವುದು, ಅದರ ತೂಕ ಎಷ್ಟಿತ್ತು, ಬಂಪರಿಗೆ ಬಡಿಯಿತೋ ಗಾಜಿಗೆ ಬಡಿಯಿತೋ ಎಂದು ಕೇಳುವವರು ಕಡಿಮೆ. ಆದರೆ ಉತ್ತರ ಇರುವುದು ಅಲ್ಲಿಯೇ.

ಈ ಟಿಪ್ಪಣಿಯಲ್ಲಿ ಆ ಎರಡು ಮಾತುಗಳನ್ನು ಸರಳ ಲೆಕ್ಕದಿಂದ ತೂಗಿ ನೋಡಿದ್ದೇನೆ. ವ್ಯಾಪ್ತಿ ಕಾರು ಮತ್ತು ಎಸ್‌ಯುವಿಗಳಿಗೆ ಸೀಮಿತ. ಲಾರಿ, ಬಸ್ಸುಗಳ ತೂಕವೂ ಎತ್ತರವೂ ಬೇರೆಯಾದ್ದರಿಂದ ಅವನ್ನು ಇಲ್ಲಿಗೆ ಎಳೆದು ತಂದಿಲ್ಲ. ಬುಲ್ ಬಾರ್ ನಿಜವಾಗಿ ಬೆಳೆದ ನೆಲ ಆಸ್ಟ್ರೇಲಿಯಾ. ಆದ್ದರಿಂದ ವಾದದ ತವರನ್ನು ಅಲ್ಲಿಯೇ ಇಟ್ಟು, ಅದು ಬಂಡೀಪುರದ ರಸ್ತೆಗೆ ಎಷ್ಟು ಒಪ್ಪುತ್ತದೆ ಎಂಬುದನ್ನು ಕೊನೆಯಲ್ಲಿ ಕೇಳಿಕೊಂಡಿದ್ದೇನೆ.

2. ಹೆಸರು ಮತ್ತು ವಸ್ತು

ವಾಹನದ ಮೂತಿಗೆ ಕಟ್ಟುವ ಕಬ್ಬಿಣದ ಚೌಕಟ್ಟಿಗೆ ಆಸ್ಟ್ರೇಲಿಯಾದಲ್ಲಿ ಬುಲ್ ಬಾರ್ ಎನ್ನುತ್ತಾರೆ. ಕಾಂಗರೂವಿನ ನೆಪದಲ್ಲಿ ‘ರೂ ಬಾರ್’ ಎನ್ನುವುದೂ ಉಂಟು. ನಮ್ಮ ಅಂಗಡಿಗಳಲ್ಲಿ ಅದು ಬಂಪರ್ ಗಾರ್ಡ್, ಕ್ರ್ಯಾಶ್ ಗಾರ್ಡ್ ಅಥವಾ ಬರೀ ಗಾರ್ಡ್. ಹೆಸರುಗಳು ಒಂದನ್ನೇ ಸೂಚಿಸಿದರೂ ವಸ್ತು ಒಂದೇ ಅಲ್ಲ. ಅಲ್ಲಿನ ಬಾರ್ ಒಂದು ನಿರ್ದಿಷ್ಟ ಮಾದರಿಯ ವಾಹನಕ್ಕೆಂದು ರೂಪಿಸಿದ್ದು. ಬಂಪರನ್ನೇ ತೆಗೆದು, ಅದರ ಜಾಗದಲ್ಲಿ ಷಾಸಿಯ ಎರಡು ದಂಡಗಳಿಗೆ ಬ್ರಾಕೆಟ್ ಮೂಲಕ ಕೂರಿಸುತ್ತಾರೆ. ನಮ್ಮಲ್ಲಿ ಬಹುಪಾಲು ಕಾಣುವುದು ಇದ್ದ ಬಂಪರಿನ ಮುಂದೆ ನಾಲ್ಕು ಬೋಲ್ಟಿನಲ್ಲಿ ನಿಂತ ಹೊಳೆಯುವ ಸ್ಟೀಲ್ ಪೈಪು.

ಏರ್‌ಬ್ಯಾಗಿನ ಹೆಸರಿನಲ್ಲೂ ಗಮನಿಸಬೇಕಾದ್ದಿದೆ. ಸ್ಟಿಯರಿಂಗಿನ ಮೇಲೆ ಎಸ್‌ಆರ್‌ಎಸ್ ಎಂಬ ಮೂರು ಅಕ್ಷರಗಳು ಇರುತ್ತವೆ. ಅದರ ಅರ್ಥ ‘ಪೂರಕ ತಡೆ ವ್ಯವಸ್ಥೆ’ ಎಂದು. ಪೂರಕ ಯಾವುದಕ್ಕೆಂದರೆ ಸೀಟ್ ಬೆಲ್ಟಿಗೆ. ಬೆಲ್ಟ್ ಹಾಕದವರಿಗೆ ಏರ್‌ಬ್ಯಾಗ್ ಬದಲಿ ರಕ್ಷಣೆ ಅಲ್ಲ.

3. ಏರ್‌ಬ್ಯಾಗ್ ಏನನ್ನು ಅಳೆಯುತ್ತದೆ

ಏರ್‌ಬ್ಯಾಗಿಗೆ ಎದುರಿಗೆ ಬಂದದ್ದು ಜಿಂಕೆಯೋ ಗೋಡೆಯೋ ಗೊತ್ತಾಗುವುದಿಲ್ಲ. ಅದರ ಸೆನ್ಸರುಗಳಿಗೆ ಗೊತ್ತಾಗುವುದು ಕಾರಿನ ವೇಗ ಎಷ್ಟು ಇಳಿಯಿತು, ಎಷ್ಟು ಹಠಾತ್ತಾಗಿ ಇಳಿಯಿತು ಎಂಬುದಷ್ಟೇ. ಡಿಕ್ಕಿಯ ಮೊದಲ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಆ ಇಳಿತದ ರೀತಿಯನ್ನು ಓದಿ, ಬಿಚ್ಚಬೇಕೇ ಬೇಡವೇ ಎಂದು ನಿಯಂತ್ರಕ ತೀರ್ಮಾನಿಸುತ್ತದೆ. ಬಿಚ್ಚು ಎಂದರೆ ಚೀಲ ಉಬ್ಬಿ ನಿಲ್ಲಲು ಇನ್ನು 20ರಿಂದ 30 ಮಿಲಿಸೆಕೆಂಡು ಸಾಕು. ರೆಪ್ಪೆ ಮುಚ್ಚಿ ತೆರೆಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ತೀರ್ಮಾನದ ಗೆರೆ ಎಲ್ಲಿರುತ್ತದೆ? ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಕೊಡುವ ಅಂದಾಜಿನಂತೆ, ಬೆಲ್ಟ್ ಹಾಕದವರಿಗೆ ಗಂಟೆಗೆ 16ರಿಂದ 19 ಕಿ.ಮೀ., ಹಾಕಿದವರಿಗೆ ಸುಮಾರು 26 ಕಿ.ಮೀ. ವೇಗದಲ್ಲಿ ಗಟ್ಟಿ ಗೋಡೆಗೆ ಗುದ್ದಿದಷ್ಟು ಪೆಟ್ಟು ಆಗಬೇಕು. ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ. ಆದರೂ ನಮ್ಮ ಲೆಕ್ಕಕ್ಕೆ ಈ ಗೆರೆ ಸಾಕು.

ಈಗ ಪ್ರಾಣಿಯನ್ನು ಲೆಕ್ಕಕ್ಕೆ ತರೋಣ. 1500 ಕಿ.ಗ್ರಾಂ. ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ, ನಿಂತ ಪ್ರಾಣಿಗೆ ಬಡಿದು ಅದನ್ನು ತನ್ನೊಡನೆ ತಳ್ಳಿಕೊಂಡು ಹೋಯಿತು ಎಂದಿಟ್ಟುಕೊಳ್ಳೋಣ. ಕಾರಿನ ವೇಗವನ್ನು ಪ್ರಾಣಿಯ ತೂಕದಿಂದ ಗುಣಿಸಿ, ಎರಡರ ಒಟ್ಟು ತೂಕದಿಂದ ಭಾಗಿಸಿದರೆ ಕಾರು ಕಳೆದುಕೊಳ್ಳುವ ವೇಗ ಸಿಗುತ್ತದೆ. ತೂಕಗಳು ಆಯಾ ಪ್ರಾಣಿಗೆ ಸಹಜವಾದ ಮಿತಿಯೊಳಗೆ ನಾನು ಆರಿಸಿಕೊಂಡವು:

ಚುಕ್ಕೆ ಜಿಂಕೆ, 70 ಕಿ.ಗ್ರಾಂ.: ಇಳಿತ 3.6 ಕಿ.ಮೀ.
ದೊಡ್ಡ ಗಂಡು ಕಾಂಗರೂ, 80 ಕಿ.ಗ್ರಾಂ.: 4.1 ಕಿ.ಮೀ.
ಕಾಡುಹಂದಿ, 100 ಕಿ.ಗ್ರಾಂ.: 5 ಕಿ.ಮೀ.
ಕಡವೆ, 220 ಕಿ.ಗ್ರಾಂ.: 10.2 ಕಿ.ಮೀ.
ಮೂಸ್ (ಹಿಮನಾಡಿನ ದೊಡ್ಡ ಜಿಂಕೆ), 400 ಕಿ.ಗ್ರಾಂ.: 16.8 ಕಿ.ಮೀ.
ಒಂಟೆ, 600 ಕಿ.ಗ್ರಾಂ.: 22.9 ಕಿ.ಮೀ.
ಕಾಟಿ (ಕಾಡೆಮ್ಮೆ), 800 ಕಿ.ಗ್ರಾಂ.: 27.8 ಕಿ.ಮೀ.

ಪ್ರಾಣಿ ಪಕ್ಕಕ್ಕೆ ಜಾರಿದರೆ ಅಥವಾ ಬಾನೆಟ್ಟಿನ ಮೇಲೆ ಹಾರಿದರೆ ಈ ಇಳಿತ ಇನ್ನೂ ಕಡಿಮೆಯಾಗುತ್ತದೆ. ಮೈ ಮೆತ್ತಗಿರುವುದರಿಂದ ಪೆಟ್ಟು ಗೋಡೆಯಷ್ಟು ಚುರುಕಾಗಿಯೂ ಇರುವುದಿಲ್ಲ. ಅಂದರೆ ಜಿಂಕೆ, ಹಂದಿ, ಕಾಂಗರೂ ಎದುರು ಏರ್‌ಬ್ಯಾಗ್ ಬಿಚ್ಚದಿರುವುದಕ್ಕೆ ಗಾರ್ಡಿನ ಮೇಲೆ ತಪ್ಪು ಹೊರಿಸಬೇಕಾಗಿಲ್ಲ. ಕಂಪನಿಯನ್ನೂ ದೂರಬೇಕಾಗಿಲ್ಲ. ಗಾರ್ಡ್ ಇಲ್ಲದಿದ್ದರೂ ಅದು ಬಿಚ್ಚುತ್ತಿರಲಿಲ್ಲ.

ಬಿಚ್ಚಬಾರದು ಕೂಡ. ಜಿಂಕೆಗೆ ಬಡಿದ ಮೇಲೂ ಕಾರು 76 ಕಿ.ಮೀ. ವೇಗದಲ್ಲಿ ಓಡುತ್ತಲೇ ಇರುತ್ತದೆ. ಚಾಲಕ ಆಗ ಮಾಡಬೇಕಾದ ಕೆಲಸ ಸ್ಟಿಯರಿಂಗನ್ನು ನೇರವಾಗಿ ಹಿಡಿದು ಬ್ರೇಕ್ ಒತ್ತುವುದು. ಆ ಗಳಿಗೆಯಲ್ಲಿ ಚೀಲ ಮುಖಕ್ಕೆ ಬಂದರೆ ಕೈಗೂ ಅಡ್ಡ, ಕಣ್ಣಿಗೂ ಅಡ್ಡ.

4. ತೂಕದ ಜೊತೆಗೆ ಎತ್ತರ

ಪಟ್ಟಿಯ ಕೆಳಗಿನ ಮೂರು ಪ್ರಾಣಿಗಳಲ್ಲಿ ಲೆಕ್ಕ ಅಷ್ಟು ಸುಲಭವಲ್ಲ. ಅವುಗಳ ಕಾಲು ಉದ್ದ. ಕಾರಿನ ಬಂಪರ್ ತಾಗುವುದು ಮೊಣಕಾಲಿನ ಆಸುಪಾಸಿಗೆ, ದೇಹದ ಭಾರವೆಲ್ಲ ಇರುವುದು ಅದರ ಮೇಲೆ. ಕಾಲು ಮುರಿದು, ಮುಂಡ ಬಾನೆಟ್ಟಿನ ಮೇಲಿಂದ ಸಾಗಿ, ಗಾಜು ಮತ್ತು ಚಾವಣಿಯ ಕಂಬಗಳಿಗೆ ಬಡಿಯುತ್ತದೆ. ಮುಂಭಾಗದ ಸೆನ್ಸರಿಗೆ ತಗಲುವುದು ಕಾಲಿನ ಪೆಟ್ಟು ಮಾತ್ರ. ಕಾರಿನ ವೇಗ ನಿಜವಾಗಿ ಇಳಿಯುವ ಹೊತ್ತಿಗೆ ಪ್ರಾಣಿ ಒಳಗೆ ಕೂತವರ ತಲೆಯ ಮಟ್ಟಕ್ಕೆ ಬಂದಿರುತ್ತದೆ. ಸ್ಟಿಯರಿಂಗಿನಿಂದ ಎದೆಯ ಕಡೆಗೆ ಉಬ್ಬುವ ಚೀಲ ಮೇಲಿನಿಂದ ಕುಸಿಯುವ ಚಾವಣಿಯನ್ನು ಎತ್ತಿ ಹಿಡಿಯಲಾರದು.

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಸ್ವೀಡನ್ನಿನವರು. ಅಲ್ಲಿನ ಕಾಡಿನ ರಸ್ತೆಗಳಲ್ಲಿ ಮೂಸ್ ದಿನನಿತ್ಯದ ಭಯ. ಮ್ಯಾಗ್ನಸ್ ಯೆನ್ಸ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ರಬ್ಬರ್ ಬಿಲ್ಲೆಗಳನ್ನು ಪೋಣಿಸಿ ಮೂಸ್‌ನ ಗೊಂಬೆಯೊಂದನ್ನು ಮಾಡಿ, ಅದಕ್ಕೆ ಸಾಬ್ ಮತ್ತು ವೋಲ್ವೊ ಕಾರುಗಳನ್ನು ಗುದ್ದಿಸಿ ನೋಡಿದ. 2001ರ ಆ ಕೆಲಸಕ್ಕೆ 2022ರಲ್ಲಿ ಇಗ್ ನೊಬೆಲ್ ಬಂತು. ಅದು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ಗೊಂಬೆ ನಗು ತರಿಸುವುದು ನಿಜ. ಅದು ಎತ್ತಿದ ಪ್ರಶ್ನೆ ಮಾತ್ರ ನಗುವಂಥದ್ದಲ್ಲ: ಎತ್ತರದ ಪ್ರಾಣಿಯ ಎದುರು ಕಾರಿನ ಯಾವ ಭಾಗ ಗಟ್ಟಿಯಿರಬೇಕು? ಮೂತಿಗಿಂತ ಹೆಚ್ಚಾಗಿ ಗಾಜಿನ ಪಕ್ಕದ ಕಂಬಗಳು ಮತ್ತು ಚಾವಣಿಯ ಮುಂದಿನ ಅಂಚು ಎಂಬುದು ಉತ್ತರ. ಬುಲ್ ಬಾರ್ ಈ ಎರಡನ್ನೂ ಮುಟ್ಟುವುದಿಲ್ಲ.

ಮೂಸ್ ಹೆಸರಿನ ಇನ್ನೊಂದು ಪರೀಕ್ಷೆಯೂ ಇದೆ. ಅಡ್ಡ ಬಂದದ್ದನ್ನು ತಪ್ಪಿಸಲು ಸ್ಟಿಯರಿಂಗನ್ನು ಹಠಾತ್ತನೆ ಆಚೆಗೂ ಈಚೆಗೂ ತಿರುಗಿಸಿದರೆ ಕಾರು ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಈ ಪರೀಕ್ಷೆಯಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಮಗುಚಿ ಬಿತ್ತು. ಕಂಪನಿ ಆ ಮಾದರಿಗೆ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ಅಳವಡಿಸಬೇಕಾಯಿತು. ಪ್ರಾಣಿಗೆ ಬಡಿಯುವುದರಷ್ಟೇ ಅದನ್ನು ತಪ್ಪಿಸಲು ಹೋಗಿ ಮರಕ್ಕೆ ಗುದ್ದುವುದೂ ಸಾವಿನ ದಾರಿ ಎಂಬುದನ್ನು ಆ ಪ್ರಸಂಗ ಜಗತ್ತಿಗೆ ತಿಳಿಸಿತು. ಏರ್‌ಬ್ಯಾಗ್ ನಿಜವಾಗಿ ಕೆಲಸಕ್ಕೆ ಬರುವುದು ಬಹುಶಃ ಈ ಎರಡನೆಯ ಗುದ್ದಿನಲ್ಲಿ, ಮರ ಅಥವಾ ಎದುರಿನ ವಾಹನದ ಮುಂದೆ.

5. ಬಾರ್ ನಡುವೆ ಬಂದಾಗ

ಕಾರಿನ ಮೂತಿ ಕುಸಿಯಲೆಂದೇ ಮಾಡಿದ ಭಾಗ. ಮುಂಭಾಗ ಮಡಿಚಿಕೊಂಡು ಪೆಟ್ಟನ್ನು ನುಂಗಬೇಕು, ಜನ ಕೂರುವ ಜಾಗ ಕದಲಬಾರದು ಎಂಬ ವಿಚಾರವನ್ನು ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನ್ಯಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಮಾಡಿಸಿದ್ದ. 1959ರ ಹೊತ್ತಿಗೆ ಅದು ಮಾರಾಟದ ಕಾರಿನಲ್ಲೇ ಬಂತು. ಇದರ ಬೆಲೆ ಎಷ್ಟೆಂದು ಒಂದು ಲೆಕ್ಕದಿಂದ ತಿಳಿಯಬಹುದು. 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದ ಕಾರಿನ ಮೂತಿ ಅರ್ಧ ಮೀಟರ್ ಕುಸಿದರೆ ಒಳಗಿನವರ ಮೇಲೆ ಬೀಳುವ ಸರಾಸರಿ ಒತ್ತಡ ಭೂಗುರುತ್ವದ ಸುಮಾರು 20 ಪಟ್ಟು. ಕಾಲು ಮೀಟರ್ ಮಾತ್ರ ಕುಸಿದರೆ ಅದು 40 ಪಟ್ಟಿಗೆ ಏರುತ್ತದೆ.

ಆ ಮೂತಿ ಎಷ್ಟು ಹೊತ್ತಿಗೆ ಎಷ್ಟು ಕುಸಿಯುತ್ತದೆ ಎಂಬ ಚಿತ್ರವನ್ನು ಇಟ್ಟುಕೊಂಡೇ ಏರ್‌ಬ್ಯಾಗಿನ ನಿಯಂತ್ರಕಕ್ಕೆ ಪಾಠ ಹೇಳಿರುತ್ತಾರೆ. ಕಂಪನಿ ಗುದ್ದಿಸಿ ನೋಡಿದ್ದು ಗಾರ್ಡ್ ಇಲ್ಲದ ಕಾರನ್ನು. ಅದರ ಮುಂದೆ ಹೊರಗಿನ ಕಬ್ಬಿಣ ಬಂದರೆ ಮೂರು ರೀತಿಯಲ್ಲಿ ಪಾಠ ತಪ್ಪಬಹುದು. ದಪ್ಪ ಬಾರ್ ನೇರವಾಗಿ ಷಾಸಿಗೆ ಬಿಗಿದಿದ್ದರೆ, ಕುಸಿಯಬೇಕಾದ ಭಾಗವನ್ನು ದಾಟಿ ಪೆಟ್ಟು ಒಳಕ್ಕೆ ಹರಿಯುತ್ತದೆ. ಸಣ್ಣ ಗುದ್ದಿಗೂ ಚೀಲ ಬಿಚ್ಚಿಕೊಂಡೀತು. ತೆಳು ಪೈಪಾಗಿದ್ದರೆ ಮೊದಲು ಅದು ಬಾಗುತ್ತದೆ, ಪೆಟ್ಟಿನ ಆರಂಭ ಮಂದವಾಗಿ ಕಾಣುತ್ತದೆ. ಚೀಲ ತಡವಾಗಿ ಬಿಚ್ಚೀತು. ಬ್ರಾಕೆಟ್ ಸೆನ್ಸರಿನ ಹತ್ತಿರವೇ ಇದ್ದರೆ ಓದುವಿಕೆಯೇ ಕೆಟ್ಟೀತು. ಮೂರರಲ್ಲಿ ಅಪಾಯ ಹೆಚ್ಚಿರುವುದು ತಡವಾಗುವುದರಲ್ಲಿ. ಅಷ್ಟರಲ್ಲಿ ಚಾಲಕನ ಮುಖ ಸ್ಟಿಯರಿಂಗಿನ ಹತ್ತಿರ ಬಂದಿರುತ್ತದೆ. ಉಬ್ಬಿದ ಚೀಲಕ್ಕೆ ಒರಗಬೇಕಾದವನು ಉಬ್ಬುತ್ತಿರುವ ಚೀಲದ ಹೊಡೆತ ತಿನ್ನುತ್ತಾನೆ.

ಹಾಗಾಗಿ "ಗಾರ್ಡ್ ಇದ್ದರೆ ಏರ್‌ಬ್ಯಾಗ್ ಬಿಚ್ಚುವುದಿಲ್ಲ" ಎಂಬ ಗ್ಯಾರೇಜಿನ ಮಾತನ್ನು ಹೀಗೆ ತಿದ್ದಿಕೊಳ್ಳಬೇಕು: ಪರೀಕ್ಷೆ ಮಾಡದ ಗಾರ್ಡ್ ಇದ್ದರೆ ಏರ್‌ಬ್ಯಾಗ್ ಯಾವಾಗ ಬಿಚ್ಚುತ್ತದೆ ಎಂದು ಯಾರೂ ಹೇಳಲಾರರು, ಕಾರು ಮಾಡಿದವರೂ ಕೂಡ.

6. ಆಸ್ಟ್ರೇಲಿಯಾದ ವಾದ

ಇಷ್ಟಾದರೂ ಆಸ್ಟ್ರೇಲಿಯಾ ಬುಲ್ ಬಾರನ್ನು ಏಕೆ ಬಿಟ್ಟಿಲ್ಲ? ಉತ್ತರ ಅಲ್ಲಿನ ಭೂಪಟದಲ್ಲಿದೆ. ಪೋರ್ಟ್ ಆಗಸ್ಟಾದಿಂದ ಡಾರ್ವಿನ್‌ವರೆಗಿನ ಸ್ಟುವರ್ಟ್ ಹೆದ್ದಾರಿಯ ಉದ್ದ 2,700 ಕಿ.ಮೀ. ಮೀರುತ್ತದೆ. ಅದರಲ್ಲಿ ಗ್ಲೆಂಡಾಂಬೊ ಮತ್ತು ಕೂಬರ್ ಪೀಡಿ ನಡುವಿನ ಸುಮಾರು 250 ಕಿ.ಮೀ. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ಅಲ್ಲಿ ಮುಸ್ಸಂಜೆಯಲ್ಲಿ ಕಾಂಗರೂ ಬಡಿದು ರೇಡಿಯೇಟರ್ ಒಡೆದರೆ ಜೀವಭಯ ಶುರುವಾಗುವುದು ಡಿಕ್ಕಿ ಮುಗಿದ ಮೇಲೆ: ನೀರಿಲ್ಲ, ಫೋನ್ ಸಿಗುವುದಿಲ್ಲ, ಮರುದಿನದ ಬಿಸಿಲು ಬಾಕಿ ಇದೆ. 60–80 ಕಿಲೋದ ಪ್ರಾಣಿಯಿಂದ ರೇಡಿಯೇಟರನ್ನೂ ಹೆಡ್‌ಲೈಟನ್ನೂ ಉಳಿಸುವುದು ಬುಲ್ ಬಾರ್ ಚೆನ್ನಾಗಿಯೇ ಮಾಡುವ ಕೆಲಸ. ಆ ನೆಲದಲ್ಲಿ ಅದು ಮನುಷ್ಯನನ್ನೂ ಉಳಿಸುತ್ತದೆ. ಅದೇ ನೆಲದಲ್ಲಿ ಅಲೆಯುವ ಕಾಡುಬಿದ್ದ ಒಂಟೆಗಳ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ. ಒಂಟೆಯ ಕಾಲು ಮೂಸ್‌ನ ಕಾಲಿಗಿಂತ ಕಡಿಮೆ ಉದ್ದದ್ದಲ್ಲ.

ಈ ಒಪ್ಪಿಗೆಯೊಂದಿಗೆ ಅಲ್ಲಿ ಷರತ್ತುಗಳೂ ಬಂದವು. ಪಾದಚಾರಿಗಳಿಗೆ ಆಗುವ ಗಾಯ ಕಡಿಮೆಯಿರುವಂತೆ ಬಾರ್ ಯಾವ ಆಕಾರದಲ್ಲಿರಬೇಕು ಎಂದು ಹೇಳುವ ಮಾನದಂಡ 2002ರಲ್ಲಿ ಹೊರಬಂತು. ವಾಹನದ ಮುಂಭಾಗದ ಡಿಕ್ಕಿ ನಿಯಮಕ್ಕೆ ಧಕ್ಕೆ ತರುವ ಬಾರ್ ಕೂರಿಸುವಂತಿಲ್ಲ. ಹೆಸರಾಂತ ತಯಾರಕರು ತಮ್ಮ ಬ್ರಾಕೆಟ್ಟನ್ನೇ ಕುಸಿಯುವಂತೆ ಮಾಡಿ, ಮಾದರಿಗೊಂದರಂತೆ ಪರೀಕ್ಷಿಸಿ, ಏರ್‌ಬ್ಯಾಗಿಗೆ ಹೊಂದುತ್ತದೆ ಎಂದು ಹೇಳಿ ಮಾರುತ್ತಾರೆ. ಯುರೋಪು 2005ರ ನಿರ್ದೇಶನದ ಮೂಲಕ ಪಾದಚಾರಿ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬಾರ್‌ಗಳಿಗೆ ಬಾಗಿಲು ಹಾಕಿತು.

ಎಲೆಕ್ಟ್ರಾನಿಕ್ ಕಣ್ಣು ಬಂದರೆ ಎಲ್ಲ ಸರಿಹೋದೀತು ಎನ್ನುವವರಿಗೂ ಆಸ್ಟ್ರೇಲಿಯಾದಿಂದಲೇ ಒಂದು ಪಾಠವಿದೆ. ಮೂಸ್, ಜಿಂಕೆಗಳನ್ನು ಗುರುತಿಸಲು ಕಲಿತಿದ್ದ ವೋಲ್ವೊದ ವ್ಯವಸ್ಥೆ ಕಾಂಗರೂ ಎದುರು ಗೊಂದಲಕ್ಕೆ ಬಿದ್ದದ್ದನ್ನು ಕಂಪನಿ 2017ರಲ್ಲಿ ತಾನೇ ಹೇಳಿಕೊಂಡಿತು. ಪ್ರಾಣಿ ಎಷ್ಟು ದೂರದಲ್ಲಿದೆ ಎಂದು ಅಳೆಯಲು ವ್ಯವಸ್ಥೆ ನೆಲವನ್ನು ಆಧಾರವಾಗಿ ಹಿಡಿಯುತ್ತಿತ್ತು. ಕಾಂಗರೂ ನೆಗೆದು ಗಾಳಿಯಲ್ಲಿದ್ದಾಗ ದೂರ ಇದ್ದಂತೆ, ನೆಲಕ್ಕಿಳಿದಾಗ ಹತ್ತಿರ ಬಂದಂತೆ ಅದಕ್ಕೆ ಕಾಣುತ್ತಿತ್ತು. ಒಂದು ನಾಡಿನ ಪ್ರಾಣಿಗೆ ಕಲಿತ ವಿದ್ಯೆ ಇನ್ನೊಂದು ನಾಡಿನ ಪ್ರಾಣಿಗೆ ಹಾಗೆಹಾಗೇ ಸಲ್ಲಲಿಲ್ಲ.

7. ನಮ್ಮ ರಸ್ತೆ

ಅದೇ ಮಾತನ್ನು ಗಾರ್ಡಿಗೆ ಅನ್ವಯಿಸಿ ನೋಡಬೇಕು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766, ಊಟಿ ಕಡೆಗೆ ಹೋಗುವ 181 ಎರಡೂ ಬಂಡೀಪುರವನ್ನು ಸೀಳಿಕೊಂಡು ಹೋಗುತ್ತವೆ. ಕಾಡಿನೊಳಗಿನ ದಾರಿ ಕೆಲವು ಹತ್ತು ಕಿ.ಮೀ. ಮಾತ್ರ. ಎರಡು ತುದಿಗೂ ಚೆಕ್‌ಪೋಸ್ಟ್, ಅದರಾಚೆ ಊರು, ಗ್ಯಾರೇಜು, ಕಾಫಿ. ರೇಡಿಯೇಟರ್ ಒಡೆದರೆ ಹಾಳಾಗುವುದು ದುಡ್ಡು ಮತ್ತು ಅರ್ಧ ದಿನ. ಬಾಯಾರಿ ಸಾಯುವ ನೆಲ ಇದಲ್ಲ. ಆಸ್ಟ್ರೇಲಿಯಾದ ವಾದದ ನಡುಗಂಬವೇ ಇಲ್ಲಿ ಇಲ್ಲ.

ಪ್ರಾಣಿಗಳೂ ಬೇರೆ. ಜಿಂಕೆ, ಹಂದಿಯಿಂದ ಗಾರ್ಡ್ ಬಂಪರನ್ನು ಉಳಿಸೀತು. ಮಲೆನಾಡಿನವರು ಕಾಟಿ ಎನ್ನುವ, ಮೈಸೂರು ಕಡೆಯವರು ಕಾಡೆಮ್ಮೆ ಎನ್ನುವ ಪ್ರಾಣಿ ಎದುರಾದಾಗ ಲೆಕ್ಕ ತಲೆಕೆಳಗಾಗುತ್ತದೆ. ಏರ್‌ಬ್ಯಾಗಿನ ಗೆರೆಯನ್ನು ದಾಟುವಷ್ಟು ಪೆಟ್ಟು ಕೊಡಬಲ್ಲದ್ದು ಪಟ್ಟಿಯಲ್ಲಿರುವ ನಮ್ಮ ಕಾಡಿನ ಪ್ರಾಣಿಗಳಲ್ಲಿ ಅದೊಂದೇ, ಆನೆಯಂತೂ ಲೆಕ್ಕದಾಚೆ. ಅಂದರೆ ಏರ್‌ಬ್ಯಾಗ್ ಬೇಕಾಗಿರದ ಕಡೆ ಗಾರ್ಡ್ ಸ್ವಲ್ಪ ಉಪಯೋಗಕ್ಕೆ ಬರುತ್ತದೆ, ಏರ್‌ಬ್ಯಾಗ್ ಬೇಕೇಬೇಕಾದ ಕಡೆ ಅದರ ಲೆಕ್ಕವನ್ನೇ ಕೆಡಿಸುತ್ತದೆ.

ಕಾನೂನು ಈ ವಿಷಯದಲ್ಲಿ ಗೊಂದಲವಿಲ್ಲದೆ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಬುಲ್ ಬಾರ್ ಕೂರಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ತಿಳಿಸಿತು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು, ಆಮೇಲೆ ಪಕ್ಕದ ಸೀಟಿಗೂ ಬಂತು. ಸರ್ಕಾರ ಕಡ್ಡಾಯ ಮಾಡಿದ ಚೀಲವನ್ನು ಸರ್ಕಾರ ಬೇಡವೆಂದ ಪೈಪು ಕೆಡಿಸುವಂತಾಗಿದೆ. ಕಾಡಿಗೆಂದು ಹಾಕಿಸಿದ ಆ ಪೈಪು ವರ್ಷದ ಬಹುಪಾಲು ದಿನ ಓಡಾಡುವುದು ಪೇಟೆಯಲ್ಲಿ. ಅದರ ಎತ್ತರ ದೊಡ್ಡವರ ತೊಡೆಗೆ, ಮಕ್ಕಳ ಎದೆಗೆ ಸಮ.

ಇನ್ನು ಗಾರ್ಡೂ ಏರ್‌ಬ್ಯಾಗೂ ಎರಡೂ ಇಲ್ಲದವರು ದ್ವಿಚಕ್ರ ಸವಾರರು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ಅವರು. ಕಾರಿಗೆ 5 ಕಿ.ಮೀ. ಇಳಿತ ಮಾತ್ರ ತರುವ ಹಂದಿ ಬೈಕನ್ನು ಅಲ್ಲಿಯೇ ಉರುಳಿಸುತ್ತದೆ.

8. ವೇಗದ ಲೆಕ್ಕ

ಉಳಿಯುವುದು ಡಿಕ್ಕಿಯೇ ಆಗದಂತೆ ನೋಡಿಕೊಳ್ಳುವ ದಾರಿ. ಪ್ರಾಣಿ ಕಂಡು ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡು, ಒಣ ಡಾಂಬರು, ಒಳ್ಳೆಯ ಟಯರು ಎಂದಿಟ್ಟುಕೊಂಡರೆ, 80 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 69 ಮೀಟರ್ ಬೇಕು. 60ರಲ್ಲಿ 45, 40ರಲ್ಲಿ 26. ಕಾಟಿಯ ಮೈ ಕಪ್ಪು, ಬಿಳಿಯಿರುವುದು ಮೊಣಕಾಲಿನ ಕೆಳಗೆ ಮಾತ್ರ. ಡಿಮ್ ಲೈಟಿನಲ್ಲಿ 69 ಮೀಟರ್ ಆಚೆ ನಿಂತ ಕಾಟಿಯನ್ನು ಗುರುತಿಸುವುದು ಕಷ್ಟ, 26 ಮೀಟರಿನಲ್ಲಿ ಸಾಧ್ಯ.

ರಸ್ತೆಯನ್ನೇ ತಿದ್ದಿದವರೂ ಇದ್ದಾರೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಲಿ ಹಾಕಿ, ಪ್ರಾಣಿಗಳಿಗೆ ಮೇಲುಸೇತುವೆ ಮತ್ತು ಕೆಳದಾರಿ ಕಟ್ಟಿದ ಮೇಲೆ ಡಿಕ್ಕಿಗಳು ಶೇಕಡ 80ಕ್ಕೂ ಹೆಚ್ಚು ಇಳಿದವು. ಪೆಂಚ್ ಹುಲಿಧಾಮದ ಬಳಿ ರಾಷ್ಟ್ರೀಯ ಹೆದ್ದಾರಿ 44ರ ಅಡಿಯಲ್ಲಿ ಕಟ್ಟಿದ ದಾರಿಗಳಲ್ಲಿ ಹುಲಿಗಳೂ ಓಡಾಡುತ್ತಿವೆ. ಬಂಡೀಪುರದಲ್ಲಿ 2009ರಲ್ಲಿ ಬಂದ, 2010ರಲ್ಲಿ ಹೈಕೋರ್ಟ್ ಎತ್ತಿಹಿಡಿದ ರಾತ್ರಿ 9ರಿಂದ ಬೆಳಗಿನ 6ರವರೆಗಿನ ಸಂಚಾರ ನಿಷೇಧವನ್ನು ವನ್ಯಜೀವಿಗಳ ರಕ್ಷಣೆಯ ಕ್ರಮವೆಂದಷ್ಟೇ ನೋಡುವುದು ರೂಢಿ. ಮೇಲಿನ ಲೆಕ್ಕದ ಪ್ರಕಾರ ಅದು ಕಾರಿನೊಳಗಿನವರ ರಕ್ಷಣೆಯ ಕ್ರಮವೂ ಹೌದು.

9. ತೀರ್ಮಾನ

ಗ್ಯಾರೇಜಿನ ಮೊದಲ ಮಾತು ಜಿಂಕೆಯ ಮಟ್ಟಿಗೆ ಅರ್ಧ ನಿಜ: ಗಾರ್ಡ್ ಉಳಿಸುವುದು ಗಾಡಿಯ ಮೂತಿಯನ್ನು. ಎರಡನೆಯದು ಜಿಂಕೆಯ ಮಟ್ಟಿಗೆ ಸುಳ್ಳು, ಕಾಟಿ ಮತ್ತು ಮರದ ಮಟ್ಟಿಗೆ ನಿಜವಾಗಬಹುದಾದ ಭಯ. ಹಾಕಿಸಿದವರು ಗಾರ್ಡ್ ತೆಗೆಸಲಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಸಣ್ಣ ಪ್ರಾಣಿ ಅಡ್ಡ ಬಂದರೆ ಸ್ಟಿಯರಿಂಗ್ ಎಳೆಯದೆ ನೇರ ಬ್ರೇಕ್ ಒತ್ತಲಿ. ಮೂಸ್ ಎದುರಾದರೆ ಅದರ ಹಿಂಬದಿಗೆ ಗಾಡಿ ತಿರುಗಿಸಿ ಎಂದು ಸ್ವೀಡನ್ನಿನಲ್ಲಿ ಹೇಳಿಕೊಡುತ್ತಾರೆ. ಒಂದರ ಹಿಂದೆ ಇನ್ನೊಂದು ಬರುವ ಕಾಟಿ, ಆನೆಗಳ ಎದುರು ಆ ಉಪಾಯ ನಡೆಯದು. ಇಲ್ಲಿ ಕಾಡು ಶುರುವಾದ ಕೂಡಲೇ ವೇಗವನ್ನು 40ಕ್ಕೆ ಇಳಿಸಿ, ಕಾಡು ಮುಗಿಯುವವರೆಗೆ ಅಲ್ಲಿಯೇ ಇಟ್ಟುಕೊಳ್ಳಬೇಕು. ಬಂಡೀಪುರದೊಳಗಿನ 20 ಕಿ.ಮೀ. ದಾರಿಯನ್ನು 80ರ ಬದಲು 40ರಲ್ಲಿ ದಾಟಿದರೆ ಹೆಚ್ಚು ಹಿಡಿಯುವ ಸಮಯ 15 ನಿಮಿಷ.